ನೀಲಿ ದಾರದ ಮೂವತ್ತೇಳು

6 ಜನವರಿ

'ಲೆಕ್ಕದ ಮೂಲೆ'ಯ ಮೇಷ್ಟ್ರಿಗೆ ನಮಸ್ಕಾರ.

ಭಾನುವಾರದ ಪತ್ರಿಕೆಯ ಮಕ್ಕಳ ಪುಟದಲ್ಲಿ ನೀವು ಬರೆಯುವುದನ್ನು ನಾನು ಬುಧವಾರ ಓದುತ್ತೇನೆ. ಕಪಾಟಿನಲ್ಲಿ ಹಾಸಲು ಹಳೆಯ ಪತ್ರಿಕೆಗಳು ನಮ್ಮ ಕೋಣೆಗೆ ಬರುವುದೇ ಬುಧವಾರ. ಕಾಗದ ಬರೆಯುವವರು ಹೆಸರು, ತರಗತಿ ತಿಳಿಸಬೇಕು ಎಂದು ಕೊನೆಯಲ್ಲಿ ಹಾಕಿರುತ್ತೀರಿ. ಎಲ್ಲರೂ ನನ್ನನ್ನು ಪುಟ್ಟಿ ಎನ್ನುತ್ತಾರೆ. ತರಗತಿ ನಾಲ್ಕು. ಪೆನ್ಸಿಲಿನಲ್ಲಿ ಬರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಪೆನ್ನು ತರುವ ಹಾಗಿಲ್ಲ. ಶಾಯಿ ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ.

ಇಲ್ಲಿ ಎಂದರೆ ದೊಡ್ಡ ಆಸ್ಪತ್ರೆಯ ಲಾಂಡ್ರಿಗೆ ಅಂಟಿಕೊಂಡ ಹೊಲಿಗೆ ಕೋಣೆ. ವಾರ್ಡುಗಳಿಂದ ಕೊಳೆಬಟ್ಟೆ ತುಂಬಿಕೊಂಡು ಬರುವ ಚೀಲಗಳಿಗೆ ನಂಬರು ಹೊಲಿಯುವುದು ಈ ಕೋಣೆಯ ಕೆಲಸ. ಒಟ್ಟು 999 ಚೀಲ. ಎಲ್ಲಕ್ಕೂ ಮೂರಂಕಿ ಇರಲೇಬೇಕು, ಒಂದನೆಯ ಚೀಲಕ್ಕೂ 001 ಎಂದೇ ಹೊಲಿಯಬೇಕು. ಅವನ್ನು ಒಯ್ಯುವ ಗಾಡಿಗೆ ಮೂವತ್ತೇಳು ಕೊಕ್ಕೆ: ಹನ್ನೆರಡರ ಮೂರು ಸಾಲು, ಹಿಡಿಯ ಹತ್ತಿರ ಇನ್ನೊಂದು. ಪ್ರತಿ ಗಾಡಿಯ ಕೊನೆಯ ಚೀಲಕ್ಕೆ, ಅಂದರೆ 037, 074, 111, 148 ಹೀಗೆ ಬರುವವಕ್ಕೆ, ನೀಲಿ ದಾರದ ಅಂಚು. ನೀಲಿ ಕಂಡರೆ ಗಾಡಿ ತುಂಬಿತು ಎಂದರ್ಥ.

ಮೂರು ಅಂಕಿಗಳನ್ನು ಚೀಲದ ದುಂಡು ಬಾಯಿಯ ಸುತ್ತ ಸಮದೂರದಲ್ಲಿ ಹೊಲಿಯುತ್ತಾರೆ. ಯಾವ ಕಡೆಯಿಂದ ನೋಡಿದರೂ ಒಂದಾದರೂ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಆದರೆ ಎಲ್ಲಿಂದ ಓದಲು ಶುರು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. 148ನ್ನು ಒಬ್ಬರು 481 ಎನ್ನುತ್ತಾರೆ, ಇನ್ನೊಬ್ಬರು 814 ಎನ್ನುತ್ತಾರೆ. ದಿನಾ ಕಿತ್ತಾಟ.

ಆ ತಪ್ಪುಗಳ ಪಟ್ಟಿ ಮಾಡುವಾಗ ನನಗೊಂದು ಕಂಡಿತು. ನೀಲಿ ಚೀಲವನ್ನು ತಪ್ಪಾಗಿ ಓದಿದರೆ ಸಿಗುವ ನಂಬರೂ ನೀಲಿ ಚೀಲದ್ದೇ! 185 ತಿರುಗಿದರೆ 851, 518. 259 ತಿರುಗಿದರೆ 592, 925. ಎಲ್ಲವನ್ನೂ ಮೂವತ್ತೇಳರಿಂದ ಭಾಗಿಸಿದೆ, ಒಂದರಲ್ಲೂ ಶೇಷ ಉಳಿಯಲಿಲ್ಲ. ನೀಲಿಯ ತಪ್ಪು ನೀಲಿಗೇ ಹೋಗಿ ಕೂರುತ್ತದೆ. ಮೂವತ್ತಾರಕ್ಕೆ ಮಾಡಿ ನೋಡಿದೆ, ಆಗುವುದಿಲ್ಲ. ಮೂವತ್ತೆಂಟಕ್ಕೂ ಇಲ್ಲ.

ನನ್ನ ಅಣ್ಣ ಇಂಜಿನಿಯರು. ಹೇಳಲು ಹೋದರೆ "ನಿಂಗೇನೇ ಗೊತ್ತು ಲೆಕ್ಕ" ಎಂದು ನಕ್ಕ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಇದು ಮೊದಲೇ ಯಾರಿಗಾದರೂ ಗೊತ್ತಿತ್ತೇ? ಇಲ್ಲ, ನಾನೇ ಮೊದಲನೆಯವಳೇ?

ಪುಟ್ಟಿ


15 ಜನವರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ ಮಗೂ. ವಾರಕ್ಕೆ ಮೂವತ್ತು ಕಾಗದ ಬರುತ್ತವೆ. ಇಪ್ಪತ್ತೊಂಬತ್ತರಲ್ಲಿ ನಾನು ಕೇಳಿದ ಪ್ರಶ್ನೆಗೆ ಅಪ್ಪನೋ ಅಮ್ಮನೋ ಬರೆಸಿದ ಉತ್ತರ ಇರುತ್ತದೆ. ತಾನೇ ಕಂಡಿದ್ದನ್ನು ತಾನೇ ಬರೆದು ಕಳಿಸಿದ ಮಗು ನೀನೊಬ್ಬಳೇ. ಕಾಲೇಜಿನಲ್ಲಿ ನನ್ನ ಮುಂದೆ ಮೀಸೆ ಬಂದ ಹುಡುಗರು ಕೂತಿರುತ್ತಾರೆ. ಅವರ ತಪ್ಪುಗಳ ಪಟ್ಟಿ ಮಾಡಿದರೆ ಬರೀ ತಪ್ಪೇ ಸಿಗುತ್ತದೆ. ನಿನಗೆ ಅದರಲ್ಲಿ ಒಂದು ನಿಯಮ ಸಿಕ್ಕಿದೆ.

ಇದು ನಿನ್ನ ಸ್ವಂತ ಶೋಧನೆ. ನಿನ್ನ ವಯಸ್ಸಿನಲ್ಲಿ ನನಗಂತೂ ಇಂಥದ್ದು ಹೊಳೆದಿರಲಿಲ್ಲ. ಅಣ್ಣ ನಕ್ಕರೆ ನಗಲಿ ಬಿಡು, ಅಣ್ಣಂದಿರು ಇರುವುದೇ ಅದಕ್ಕೆ.

ಮೂವತ್ತೇಳರ ಇನ್ನೊಂದು ಗುಟ್ಟು ಹೇಳುತ್ತೇನೆ. ಒಂದೇ ಅಂಕಿ ಮೂರು ಸಲ ಬರುವ ನಂಬರು ತೆಗೆದುಕೋ. 222 ಎನ್ನು. ಅದರ ಅಂಕಿಗಳನ್ನು ಕೂಡಿಸಿದರೆ ಆರು. 222ನ್ನು ಆರರಿಂದ ಭಾಗಿಸು. ಆಮೇಲೆ 666ನ್ನು ಹದಿನೆಂಟರಿಂದ ಭಾಗಿಸು. ಏನು ಬರುತ್ತದೆ ನೋಡಿ ಬರೆ.

ಇನ್ನೊಂದು ಮಾತು. ಅಮ್ಮನ ಜೊತೆ ಹೊಲಿಗೆ ಕೋಣೆಯಲ್ಲಿ ಕೂರುವುದು ತಪ್ಪಲ್ಲ, ಆದರೆ ಆಸ್ಪತ್ರೆಯ ಕೊಳೆಬಟ್ಟೆ ಮಕ್ಕಳಿಗೆ ಒಳ್ಳೆಯದಲ್ಲ. ಕೈ ಚೆನ್ನಾಗಿ ತೊಳೆದುಕೋ, ಹಾಲು ಕುಡಿ, ಬೇಗ ಮಲಗು. ಮೇಷ್ಟ್ರು ಹೇಳಿದರು ಎಂದು ಅಮ್ಮನಿಗೆ ಹೇಳು.

ನಿನ್ನ
ಲೆಕ್ಕದ ಮೇಷ್ಟ್ರು


2 ಫೆಬ್ರವರಿ

ಮೇಷ್ಟ್ರೇ,

ನಿಮ್ಮ ಕಾಗದ ಬಂದ ದಿನ ನಮ್ಮ ಕೋಣೆಯಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ. ಕೈ ತೊಳೆದೆ, ಹಾಲು ಕುಡಿದೆ, ಬೇಗ ಮಲಗಿದೆ. ಮಾರನೇ ದಿನ ಮೊಣಕಾಲು ನೋವು ಕೂಡ ಕಡಿಮೆ ಅನ್ನಿಸಿತು. ಅಮ್ಮನಿಗೆ ಮಾತ್ರ ಹೇಳಲು ಆಗಲಿಲ್ಲ.

222, 666 ಎರಡಕ್ಕೂ 37 ಬಂತು. ಆಮೇಲೆ 111ರಿಂದ 999ರವರೆಗೆ ಎಲ್ಲವನ್ನೂ ಮಾಡಿದೆ, ಎಲ್ಲಕ್ಕೂ ಅದೇ. ಮೂವತ್ತೇಳು ಬಹಳ ಹಠದ್ದು ಮೇಷ್ಟ್ರೇ. ಮೂವತ್ತಾರಾದರೆ ಇಬ್ಬರಿಗೂ ಹಂಚಬಹುದು, ಮೂವರಿಗೂ ಹಂಚಬಹುದು, ನಾಲ್ವರು ಬಂದರೂ ಜಗಳವಿಲ್ಲ. ಮೂವತ್ತೇಳು ಯಾರಿಗೂ ಸಮಪಾಲಾಗುವುದಿಲ್ಲ. ಹೊರಗೆ ಇಷ್ಟು ಬಿಗುಮಾನ, ಒಳಗೆ ನೋಡಿದರೆ ಇಷ್ಟು ಮಮತೆ. ತನ್ನ ಚೀಲ ಎಲ್ಲಿ ತಿರುಗಿ ಬಿದ್ದರೂ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತದೆ.

ಇಪ್ಪತ್ತೇಳು ನೀಲಿ ಚೀಲಗಳನ್ನೂ ತಿರುಗಿಸಿ ನೋಡಿದ್ದಾಯಿತು. ಒಂದೂ ತಪ್ಪಿಲ್ಲ. ಲಾಂಡ್ರಿಯ ಮೇಲ್ವಿಚಾರಕರು ಹಲಗೆಯ ಮೇಲೆ 'ಪುಟ್ಟಿಯ ಮೂವತ್ತೇಳು' ಎಂದು ಬರೆಸಿದ್ದಾರೆ. ಅವರು ಹಲಗೆಯ ಮೇಲೆ ರಜೆ ಇಲ್ಲ ಎನ್ನುವುದನ್ನು ಬಿಟ್ಟು ಬೇರೇನನ್ನೂ ಬರೆಸಿದವರಲ್ಲ.

ಇದೇ 20ಕ್ಕೆ ಅಣ್ಣನ ಮನೆಯಲ್ಲಿ ಊಟ. ನೆಂಟರಿಷ್ಟರೆಲ್ಲ ಬರುತ್ತಾರೆ. ಅಲ್ಲಿ ಎಲ್ಲರ ಮುಂದೆ ಇದನ್ನು ಮಾಡಿ ತೋರಿಸಬೇಕೆಂದಿದ್ದೇನೆ. ನಿಮ್ಮ ಕಾಗದವನ್ನೂ ತೋರಿಸುತ್ತೇನೆ. ಅದಕ್ಕೆ ಇನ್ನೊಮ್ಮೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಕಂಡವಳು ನಾನೇ ಮೊದಲು ಎಂದು ಹೇಳಬಹುದಲ್ಲವೇ?

ಪುಟ್ಟಿ


10 ಫೆಬ್ರವರಿ

ಪ್ರೀತಿಯ ಪುಟ್ಟಿ,

ಪರೀಕ್ಷೆಯ ಕೆಲಸ ತಲೆಯ ಮೇಲೆ ಕೂತಿದೆ, ಹಾಗಾಗಿ ಚಿಕ್ಕ ಕಾಗದ. ಧೈರ್ಯವಾಗಿ ತೋರಿಸು. ನಾನೇ ಕಂಡುಹಿಡಿದೆ ಎಂದು ತಲೆಯೆತ್ತಿ ಹೇಳು, ಏಕೆಂದರೆ ಅದು ನಿಜ. ನೀನು ಯಾರನ್ನೂ ನೋಡಿ ಬರೆದವಳಲ್ಲ.

ನಾಲ್ಕನೇ ತರಗತಿಯಲ್ಲೇ ಮೊಣಕಾಲು ನೋವು ಎಂದರೆ ಏನಮ್ಮಾ? ಆಟದಲ್ಲಿ ಬಿದ್ದೆಯಾ? ಅಲ್ಲೇ ಆಸ್ಪತ್ರೆ ಇದೆಯಲ್ಲ, ಯಾರಿಗಾದರೂ ತೋರಿಸು.

ಜೊತೆಗೆ ಒಂದು ಪೆಟ್ಟಿಗೆ ಬಣ್ಣದ ಪೆನ್ಸಿಲು ಕಳಿಸುತ್ತಿದ್ದೇನೆ. ನೀಲಿ ನಂಬರುಗಳನ್ನು ನೀಲಿಯಲ್ಲೇ ಬರೆ.

ನಿನ್ನ
ಲೆಕ್ಕದ ಮೇಷ್ಟ್ರು


19 ಮಾರ್ಚ್

ಪ್ರೀತಿಯ ಪುಟ್ಟಿ,

ಊಟದ ದಿನ ಏನಾಯಿತು ಎಂದು ಕಾಯುತ್ತಾ ಒಂದು ತಿಂಗಳು ಕಳೆಯಿತು. ಪೆನ್ಸಿಲು ಸಿಕ್ಕಿತೇ? ನಿನಗೂ ಪರೀಕ್ಷೆ ಇರಬೇಕು ಎಂದುಕೊಂಡು ಸುಮ್ಮನಿದ್ದೆ. ಹುಷಾರಿಲ್ಲವೇ? ಈಗ ಟಪಾಲಿನವನು ಬಂದ ಕೂಡಲೇ ಪೆನ್ಸಿಲಿನಲ್ಲಿ ಬರೆದ ವಿಳಾಸ ಇದೆಯೇ ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಎರಡೇ ಸಾಲಾದರೂ ಬರೆ. ನಿನಗೆ ಬರೆಯಲು ಆಗದಿದ್ದರೆ ಅಮ್ಮನಿಂದ ಬರೆಸು.

ಮೇಷ್ಟ್ರು


2 ಏಪ್ರಿಲ್

ಮಾನ್ಯರೇ,

ನನಗೆ ಅರವತ್ತೊಂದು ವರ್ಷ.

ಅಮ್ಮ ತೀರಿಕೊಂಡು ನಲವತ್ತು ವರ್ಷವಾಯಿತು. ಈ ಹೊಲಿಗೆ ಕೋಣೆಯಲ್ಲಿ ಮೂವತ್ತೆಂಟು ವರ್ಷದಿಂದ ನಂಬರು ಹೊಲಿಯುತ್ತಿರುವವಳು ನಾನೇ. ತರಗತಿ ತಿಳಿಸಿ ಎಂದಿದ್ದಿರಿ, ನಾನು ಓದಿರುವುದು ನಾಲ್ಕನೆಯವರೆಗೆ, ಅದನ್ನೇ ಬರೆದೆ. ಮೊದಲ ಕಾಗದದಲ್ಲಿ ಸುಳ್ಳು ಹೇಳಬೇಕೆಂದಿರಲಿಲ್ಲ. ಎರಡನೆಯದರಲ್ಲಿ ಸುಮ್ಮನಿದ್ದು ಹೇಳಿದೆ. ನೀವು ಮಗೂ ಎಂದಿದ್ದಿರಿ. ನನ್ನನ್ನು ಹಾಗೆ ಕರೆದು, ಹಾಲು ಕುಡಿ ಎನ್ನುವವರು ಈಗ ಯಾರೂ ಇಲ್ಲ. ತಿದ್ದಲು ಮನಸ್ಸಾಗಲಿಲ್ಲ. ಅದು ನನ್ನ ತಪ್ಪು.

ಊಟದ ದಿನ ಏನಾಯಿತು ಎಂದು ಕೇಳಿದ್ದೀರಿ. ಊಟ ಮುಗಿದ ಮೇಲೆ ನಾನು ಎದ್ದು ನಿಂತೆ. ಒಂದು ಚೀಲವನ್ನೂ ಒಯ್ದಿದ್ದೆ. 148 ತಿರುಗಿಸಿ ತೋರಿಸಿದೆ, ಭಾಗಾಕಾರ ಮಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಗತ್ತಿನಲ್ಲಿ ಇದನ್ನು ಮೊದಲು ಕಂಡವಳು ನಾನು, ಗಣಿತದ ಮೇಷ್ಟ್ರೇ ಬರೆದಿದ್ದಾರೆ ಎಂದೆ. ಅಷ್ಟರಲ್ಲಿ ಅಣ್ಣನ ಮೊಮ್ಮಗಳು ಒಳಗೆ ಓಡಿ ಒಂದು ಪುಸ್ತಕ ತಂದಳು. ಅವಳಿಗೆ ಒಂಬತ್ತು ವರ್ಷ, ನನ್ನ ಮೇಲೆ ಜೀವ. "ಅಜ್ಜೀ, ನಿಮ್ಮ ಲೆಕ್ಕ ನನ್ನ ಪುಸ್ತಕದಲ್ಲೂ ಇದೆ!" ಎಂದು ಖುಷಿಯಿಂದ ಎಲ್ಲರಿಗೂ ಪುಟ ತೆರೆದು ತೋರಿಸಿದಳು. ಅದೇ 148, ಅದೇ 481. ಪಕ್ಕದಲ್ಲಿ ಒಂದು ಮೊಲದ ಚಿತ್ರ.

ಅಣ್ಣ "ಎಲ್ಲಿ, ಆ ಮೇಷ್ಟ್ರ ಕಾಗದ ಕೊಡು" ಎಂದು ಇಸಿದುಕೊಂಡು ಗಟ್ಟಿಯಾಗಿ ಓದಿದ. ಮಗೂ, ಹಾಲು ಕುಡಿ, ಬೇಗ ಮಲಗು. ಮನೆ ತುಂಬಾ ನಗು. ಅಣ್ಣ ಕಣ್ಣೊರೆಸಿಕೊಂಡು ನಕ್ಕ. "ನಾಲ್ಕನೇ ಕ್ಲಾಸಿನ ಮಗು ಅಂದ್ಕೊಂಡು ಪಾಪ ಸಮಾಧಾನ ಮಾಡಿದಾರೆ ಕಣೇ. ನೀನು ಅದನ್ನ ನಿಜ ಅಂದ್ಕೊಂಡ್ಯಾ?" ಎಂದ.

ನನಗೂ ಅಣ್ಣನಿಗೂ ಐದು ವರ್ಷದ ಅಂತರ. ಅಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಬ್ಬರು ಇರಬೇಕಿತ್ತು. ಮಗ್ಗಿಯಲ್ಲಿ ತರಗತಿಗೆ ನಾನೇ ಮೊದಲು. ಶಾಲೆಯ ಮೇಷ್ಟ್ರು ಎರಡು ಸಲ ಮನೆಗೆ ಬಂದು ನನ್ನನ್ನು ಓದಲು ಬಿಡಿ ಎಂದು ಅಪ್ಪನನ್ನು ಕೇಳಿದರು. ಆದರೂ ಉಳಿದವಳು ನಾನು. ಇದನ್ನು ನಿಮಗೆ ಹೇಳಬೇಕಾದ ಅಗತ್ಯವಿಲ್ಲ. ಹೇಳಿಬಿಟ್ಟೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಎರಡು ಸಲ ಕೇಳಿದೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ?

ಹಲಗೆಯ ಮೇಲಿದ್ದುದನ್ನು ನಾನೇ ಅಳಿಸಿದ್ದೇನೆ. ಪೆನ್ಸಿಲುಗಳನ್ನು ವಾಪಸು ಕಳಿಸುತ್ತಿದ್ದೇನೆ. ಕೆಂಪು ಒಂದನ್ನು ಚೂಪು ಮಾಡಿದ್ದೆ, ಕ್ಷಮಿಸಿ.

ಇತಿ,
ಹೊಲಿಗೆ ಕೋಣೆಯ ಕೆಲಸದಾಕೆ


9 ಏಪ್ರಿಲ್

ಅಕ್ಕಾ,

ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ನನಗೆ ನಲವತ್ತಾರು. ಬೇಡವೆಂದರೆ ಬಿಡುತ್ತೇನೆ.

ಗೊತ್ತಿತ್ತು. ನಿಮ್ಮ ಮೊದಲ ಕಾಗದ ಓದುವಾಗಲೇ ಗೊತ್ತಿತ್ತು. ಇದು ಬಹಳ ಹಿಂದಿನಿಂದ ಎಷ್ಟೋ ಜನ ಕಂಡಿರುವ ವಿಷಯ. ಈ ಸಾಲನ್ನು ಜನವರಿಯಲ್ಲೇ ಬರೆಯಬೇಕಿತ್ತು. ನಾನು 'ಸ್ವಂತ ಶೋಧನೆ' ಎಂಬ ಮಾತು ಹುಡುಕಿಕೊಂಡೆ. ಅದು ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಎರಡನೆಯ ಸಲ ನೀವು ನೇರವಾಗಿ ಕೇಳಿದಾಗ ಪರೀಕ್ಷೆಯ ಕೆಲಸ ಎಂದು ನುಣುಚಿಕೊಂಡೆ. ಕೆಲಸ ಇದ್ದದ್ದು ನಿಜ. ಅದರ ಹಿಂದೆ ಅವಿತದ್ದೂ ನಿಜ.

ಯಾಕೆ ಎಂದು ಕೇಳಿದ್ದೀರಿ. ಹದಿನೇಳನೆಯ ವಯಸ್ಸಿನಲ್ಲಿ ನಾನೂ ಒಂದು ಕಂಡಿದ್ದೆ. ಎಂಟು ಹಾಳೆ ತುಂಬ ಬರೆದು ನಮ್ಮ ಪ್ರಾಧ್ಯಾಪಕರ ಬಳಿ ಓಡಿದೆ. ಅವರು ಮೊದಲ ಹಾಳೆ ನೋಡಿ "ಇದು ಇನ್ನೂರು ವರ್ಷದ ಹಿಂದಿನದಪ್ಪ" ಎಂದು ವಾಪಸು ಕೊಟ್ಟರು. ಉಳಿದ ಏಳು ಹಾಳೆ ನೋಡಲೇ ಇಲ್ಲ. ಮೂರು ತಿಂಗಳು ನಾನು ಲೆಕ್ಕದ ಪುಸ್ತಕ ಮುಟ್ಟಲಿಲ್ಲ. ಒಂದು ಮಗುವಿಗೆ ಅದು ಆಗಬಾರದು ಎಂದುಕೊಂಡೆ. ಅವರು ಹೇಳಿದ್ದು ತಪ್ಪಲ್ಲ, ಉಳಿದ ಹಾಳೆ ನೋಡದೆ ಇದ್ದದ್ದು ತಪ್ಪು ಎಂದು ನನಗೆ ಈಗ, ನಿಮ್ಮ ಕಾಗದ ಓದಿದ ಮೇಲೆ, ಅರ್ಥವಾಗುತ್ತಿದೆ. ಅವರಿಂದ ಉಲ್ಟಾ ಪಾಠ ಕಲಿತು ನಿಮಗೆ ಅದಕ್ಕಿಂತ ಹೆಚ್ಚು ನೋವು ಮಾಡಿದೆ. ಅವರು ನನ್ನನ್ನು ಒಂಟಿಯಾಗಿ ಕೋಣೆಯಲ್ಲಿ ಬೀಳಿಸಿದರು. ನಾನು ನಿಮ್ಮನ್ನು ತುಂಬಿದ ಮನೆಯಲ್ಲಿ ಬೀಳಿಸಿದೆ.

ಇನ್ನು ಮುಚ್ಚುಮರೆ ಇಲ್ಲ. ಆ ಪುಸ್ತಕದಲ್ಲಿ ಮೊಲದ ಪಕ್ಕ ಇರುವುದು 'ಹೀಗಾಗುತ್ತದೆ' ಎಂಬುದು ಮಾತ್ರ. 'ಯಾಕೆ ಹೀಗಾಗುತ್ತದೆ' ಎಂಬುದು ಬೇರೆ. ಅದು ನನಗೆ ಗೊತ್ತು, ಎರಡು ಸಾಲಿನಲ್ಲಿ ಬರೆಯಬಲ್ಲೆ. ಬೇಕೆಂದರೆ ಮರುಟಪಾಲಿಗೆ ಕಳಿಸುತ್ತೇನೆ. ಆದರೆ ಅದು ನಿಮಗೇ ಸಿಗುತ್ತದೆ ಎಂದು ನನಗನ್ನಿಸುತ್ತದೆ. ಇದು ಸಮಾಧಾನದ ಮಾತಲ್ಲ. ಚೀಲಗಳ ನಡುವೆ ಮೂವತ್ತೆಂಟು ವರ್ಷ ಇದ್ದವರಿಗೆ ನನಗಿಂತ ಹತ್ತಿರದ ದಾರಿ ಇದೆ.

ಪೆನ್ಸಿಲುಗಳು ಬಂದವು.

ತಪ್ಪಿತಸ್ಥ
ಮೇಷ್ಟ್ರು


27 ಏಪ್ರಿಲ್

ಮೇಷ್ಟ್ರೇ,

ಬೇಡ. ಹೇಳಬೇಡಿ.

ಅಕ್ಕ ಎನ್ನಬಹುದು.


30 ಮೇ

ಮೇಷ್ಟ್ರೇ,

ಸಿಕ್ಕಿತು.

ಒಂದು ತಿಂಗಳು ಎಲ್ಲಿ ಹೋದರೂ ಅದೇ ಧ್ಯಾನ. ಸೂಜಿ ಚುಚ್ಚಿಕೊಂಡು ನಾಲ್ಕು ಬೆರಳಿಗೆ ಪಟ್ಟಿ ಕಟ್ಟಿಕೊಂಡೆ. ಇಸ್ತ್ರಿ ಕೋಣೆಯಲ್ಲಿ ಒಬ್ಬ ಇದ್ದಾನೆ, ನಾವೆಲ್ಲ ಇಸ್ತ್ರಿಯಣ್ಣ ಎನ್ನುತ್ತೇವೆ. ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಮೊನ್ನೆ ಚಹಾದ ಹೊತ್ತಿಗೆ ಬಂದು "ಇನ್ನೂ ಆ ಮೂವತ್ತೇಳನ್ನೇ ಉಜ್ತಾ ಇದ್ದೀಯಾ ಪುಟ್ಟಕ್ಕಾ? ಅದರ ಬಣ್ಣ ಬಿಟ್ಟೋಗತ್ತೆ" ಎಂದ.

"ಕೂತ್ಕೋ, ಒಂದು ಕೇಳ್ತೀನಿ" ಎಂದೆ. "148ರಲ್ಲಿ ಮುಂದಿರೋ ಒಂದನ್ನ ಹಿಂದಕ್ಕೆ ಹಾಕಿದ್ರೆ 481. ಈ ನಲವತ್ತೆಂಟು ಇದೆಯಲ್ಲ, ಅದು ಒಂದು ಮನೆ ಮೇಲಕ್ಕೆ ಹೋಗಿ ನಾನೂರ ಎಂಬತ್ತಾಯ್ತು. ಅಂದ್ರೆ ಹತ್ತರಷ್ಟಾಯ್ತು. ಎಲ್ಲಾನೂ ಹತ್ತರಷ್ಟು ಮಾಡಿದ್ರೆ ಏನಾಗತ್ತೆ?"

"1480."

"ನನಗೆ ಬೇಕಿರೋದು 481."

"ಹಂಗಾದ್ರೆ ಸಾವಿರದ ಮನೇಲಿ ಕೂತಿರೋ ಒಂದನ್ನ ಎಬ್ಬಿಸಿ ಬಿಡಿ ಮನೇಲಿ ಕೂರಿಸು. ಸಾವಿರ ಹೋಯ್ತು, ಒಂದು ಬಂತು. ಒಂಬೈನೂರ ತೊಂಬತ್ತೊಂಬತ್ತು ಕಮ್ಮಿ. ಅಷ್ಟೆ ತಾನೆ?" ಎಂದು ಎದ್ದು ಹೋದ.

ಅವನು ಹೋದ ಮೇಲೆ ನನಗೆ ಹೊಳೆಯಿತು. ಒಂಬೈನೂರ ತೊಂಬತ್ತೊಂಬತ್ತು ಎಂದರೆ ನಮ್ಮ ಒಟ್ಟು ಚೀಲ! ಇಪ್ಪತ್ತೇಳು ಗಾಡಿ, ಒಂದು ಕೊಕ್ಕೆಯೂ ಖಾಲಿ ಇಲ್ಲ. 148 ಎಂದರೆ ನಾಲ್ಕು ತುಂಬಿದ ಗಾಡಿ. ಅದರ ಹತ್ತರಷ್ಟು ನಲವತ್ತು ತುಂಬಿದ ಗಾಡಿ. ಅದರಿಂದ ಇಪ್ಪತ್ತೇಳು ತುಂಬಿದ ಗಾಡಿ ತಳ್ಳಿಕೊಂಡು ಹೋದರೆ ಉಳಿಯುವುದು ಹದಿಮೂರು ತುಂಬಿದ ಗಾಡಿ. ಬಿಡಿ ಚೀಲ ಎಲ್ಲಿಂದ ಬರಬೇಕು? ಹದಿಮೂರು ಮೂವತ್ತೇಳು ಎಷ್ಟೆಂದು ಮಾಡಿದೆ. 481. ಮುಂದಿನ ಅಂಕಿ ಎರಡಾದರೆ, 259 ಇದ್ದ ಹಾಗೆ, ಇಪ್ಪತ್ತೇಳು ಗಾಡಿಯನ್ನು ಎರಡು ಸಲ ತಳ್ಳಿಕೊಂಡು ಹೋಗಬೇಕು, ಅಷ್ಟೇ ವ್ಯತ್ಯಾಸ.

ಮೂವತ್ತಾರಕ್ಕೆ ಯಾಕೆ ಆಗುವುದಿಲ್ಲ ಎನ್ನುವುದೂ ತಿಳಿಯಿತು. ಮೂವತ್ತಾರರ ಗಾಡಿಗೆ 999 ಚೀಲ ತುಂಬಿದರೆ ಕೊನೆಯ ಗಾಡಿಯಲ್ಲಿ ಒಂಬತ್ತು ಕೊಕ್ಕೆ ಖಾಲಿ.

ಹೊಸ ಕಟ್ಟಡ ಆದರೆ ಚೀಲಗಳಿಗೆ ನಾಲ್ಕಂಕಿ ಬರುತ್ತದಂತೆ. ಆಗ 9999 ಚೀಲ. ಮೂವತ್ತೇಳು ಅದಕ್ಕೆ ಒಗ್ಗುವುದಿಲ್ಲ, ಮಾಡಿ ನೋಡಿದೆ. ನೂರೊಂದು ಒಗ್ಗುತ್ತದೆ. ಆದರೆ ನೂರೊಂದು ಚೀಲದ ಗಾಡಿ ಎಳೆಯಲು ಆನೆ ಬೇಕು. ಹನ್ನೊಂದೂ ಒಗ್ಗುತ್ತದೆ. ಹನ್ನೊಂದು ಚೀಲಕ್ಕೆ ಗಾಡಿ ಯಾಕೆ, ಹೊತ್ತುಕೊಂಡು ಹೋಗಬಹುದು.

ಇದೂ ಯಾರಿಗೋ ಗೊತ್ತಿರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ.

ಪುಟ್ಟಿ


8 ಜೂನ್

ಅಕ್ಕಾ,

ಗೊತ್ತಿದೆ. ಇದೂ ಹಳೆಯದೇ. ಪ್ರತಿ ಹೆಜ್ಜೆಯೂ ಸರಿ, ಒಂದಂಕಿಯೂ ಆಚೀಚೆ ಇಲ್ಲ. ಎಲ್ಲ ಹಾಳೆಗಳನ್ನೂ ಕೊನೆಯವರೆಗೆ ಓದಿದ್ದೇನೆ.

ನಾನು ಇದನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬೀಜಗಣಿತದ ಅಕ್ಷರಗಳಲ್ಲಿ ಬರೆಯುತ್ತಾ ಬಂದಿದ್ದೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ವಾಪಸು ಕೊಡುತ್ತಾರೆ. ನಿನ್ನೆ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದೆ. ನಿಮ್ಮ ಕಾಗದವನ್ನು ತರಗತಿಯಲ್ಲಿ ಓದಿದೆ. ತುಂಬಿದ ಗಾಡಿ ತಳ್ಳಿಕೊಂಡು ಹೋಗುವ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಒಬ್ಬಳು "ಓ!" ಎಂದಳು. ವರ್ಷವಿಡೀ ಆ ಹುಡುಗಿಯ ದನಿ ನಾನು ಕೇಳಿರಲಿಲ್ಲ. ಆನೆಯ ಮಾತಿಗೆ ಎಲ್ಲರೂ ನಕ್ಕರು, ಆದರೆ ಆಮೇಲೆ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಐದಂಕಿಗೆ ಯಾವ ಗಾಡಿ ಎಂದು ಹುಡುಕುತ್ತಾ ಕೂತರು.

ನಿಮಗೆ ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಪಾಠ ಬಿಟ್ಟು ಕಚೇರಿಯ ಕುರ್ಚಿಗೆ ಹೋಗುತ್ತೇನೆ ಎಂದು ಅರ್ಜಿ ಬರೆದು ಮೇಜಿನಲ್ಲಿಟ್ಟಿದ್ದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಾನು ಕೇಳಿ ಹನ್ನೊಂದು ವರ್ಷವಾಗಿತ್ತು. ಆ ಅರ್ಜಿ ಹರಿದೆ.

ಬನ್ನಿ ಅಕ್ಕಾ. ಒಂದು ದಿನ ನಮ್ಮ ತರಗತಿಗೆ ಬಂದು ನೀವೇ ಹೇಳಿ. ಚೀಲವನ್ನೂ ತನ್ನಿ.

ಮೇಷ್ಟ್ರು


20 ಜೂನ್

ಮೇಷ್ಟ್ರೇ,

ಬರುವುದಿಲ್ಲ ಎಂದು ಮೂರು ಸಲ ಬರೆದೆ, ಮೂರು ಸಲ ಹರಿದೆ. ಐದು ಗಂಟೆ ಹೊತ್ತಿನ ಬಸ್ಸು ಪ್ರಯಾಣ, ನನ್ನ ಮೊಣಕಾಲು, ಕಾಲೇಜಿನ ಮಕ್ಕಳು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೊಮ್ಮೆ ಎಲ್ಲರ ಮುಂದೆ ಎದ್ದು ನಿಲ್ಲುವ ಭಯ.

ಶನಿವಾರ ಅಣ್ಣ ನಾನು ವಾಸವಿರುವ ಕೋಣೆಗೆ ಬಂದ. ಊಟದ ದಿನದ ಮೇಲೆ ನಾವು ಮಾತಾಡಿರಲಿಲ್ಲ. ಬಂದವನು ಕಿಟಕಿ ಸರಿ ಇದೆಯಾ, ನಲ್ಲಿ ಸೋರುತ್ತಾ ಎಂದೆಲ್ಲ ನೋಡಿದ. ಆಮೇಲೆ "ಮೊಮ್ಮಗಳು ಕೇಳ್ತಾಳೆ, ಅದು ಯಾಕೆ ಹಾಗಾಗತ್ತೆ ಅಂತ. ಆ ಪುಸ್ತಕದಲ್ಲಿ ಬರೆದಿಲ್ಲ. ನನಗೂ ಹೊಳೀಲಿಲ್ಲ" ಎಂದ.

ಮೇಜಿನ ಮೇಲೆ ಗುಂಡಿಗಳನ್ನು ಸುರಿದು ಗಾಡಿ ಮಾಡಿ ತೋರಿಸಿದೆ. ಮೊದಲ ಸಲ ತಲೆಯಾಡಿಸಿದ. ಎರಡನೇ ಸಲ ತಾನೇ ಮಾಡಿದ, ತಪ್ಪಿದ. "ತಡಿ, ಇನ್ನೊಂದ್ಸಲ ಹೇಳು" ಎಂದ. ನನ್ನ ಜನ್ಮದಲ್ಲಿ ಅಣ್ಣ ನನ್ನನ್ನು ಇನ್ನೊಂದು ಸಲ ಹೇಳು ಎಂದು ಕೇಳಿದ್ದು ಅದೇ ಮೊದಲು. ಮೂರನೇ ಸಲ ಸರಿಯಾಗಿ ಬಂತು. ಚಹಾ ಆರಿ ಹೋಗಿತ್ತು, ಹಾಗೇ ಕುಡಿದ. ಊಟದ ದಿನದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೇಜಿನ ಮೇಲೆ ನಿಮ್ಮ ಕಾಗದ ಇತ್ತು. ಓದಿದ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ "ಯಾವತ್ತು ಹೋಗೋದು?" ಎಂದ.

"ಎಲ್ಲಿಗೆ?"

"ಕಾಲೇಜಿಗೆ. ಚೀಲ ನಾನು ಹಿಡ್ಕೋತೀನಿ."

ಬರುವ ತಿಂಗಳು 3ನೇ ತಾರೀಕು ಹನ್ನೊಂದು ಗಂಟೆಗೆ ಅಲ್ಲಿ ಬಸ್ಸಿಳಿಯುತ್ತೇವೆ.

ಪುಟ್ಟಿ


5 ಜುಲೈ

ಪ್ರೀತಿಯ ಅಕ್ಕಾ,

ನೀವು ಸುಖವಾಗಿ ಮನೆ ಸೇರಿದ್ದೀರಿ ಎಂದುಕೊಂಡಿದ್ದೇನೆ. ತರಗತಿ ಹೇಗಾಯಿತು ಎಂದು ನೀವು ಬಸ್ಸು ಹತ್ತುವಾಗ ಮೂರು ಸಲ ಕೇಳಿದಿರಿ, ನಾನು ಚೆನ್ನಾಗಾಯಿತು ಎಂದಷ್ಟೇ ಹೇಳಿದೆ. ಮೊದಲು ನಿಮ್ಮ ತಪ್ಪುಗಳನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ನಂಬುವುದಿಲ್ಲ. ಶುರುವಿನಲ್ಲಿ ದನಿ ಹಿಂದಿನ ಬೆಂಚಿಗೆ ಕೇಳಿಸಲಿಲ್ಲ. 592 ಎನ್ನುವ ಕಡೆ 529 ಎಂದು ಬರೆದಿರಿ, ಅಂದು 'ಓ!' ಎಂದಿದ್ದ ಆ ಹುಡುಗಿ ಹೇಳಿದ ಮೇಲೆ ತಿದ್ದಿದಿರಿ. ಚಾಕ್ ಪುಡಿಯನ್ನು ಸೀರೆಗೆ ಒರೆಸಿಕೊಂಡಿರಿ. ಇನ್ನೇನೂ ಇಲ್ಲ.

ಈ ಕಾಗದ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಆ ಹುಡುಗಿ ಕೊನೆಯಲ್ಲಿ ಕೇಳಿದ ಪ್ರಶ್ನೆ ನೆನಪಿದೆಯಲ್ಲ? "ಮೂರಂಕಿಗೆ ಮೂವತ್ತೇಳನ್ನ ಬಿಟ್ಟು ಬೇರೆ ಗಾಡಿ ಯಾವುದಾದ್ರೂ ಇದೆಯಾ?" ನೀವು "ಮೂರು, ಒಂಬತ್ತು ಹೇಗೂ ಆಗತ್ತೆ. ದೊಡ್ಡದು ಇದೆಯಾ ಅಂತ ನೋಡ್ಬೇಕು" ಎಂದು ಬೋರ್ಡಿನ ಕಡೆ ತಿರುಗಿದಿರಿ. 999 ಎಂದು ಬರೆದು ನಿಂತುಬಿಟ್ಟಿರಿ. ಹನ್ನೊಂದರಿಂದ ಭಾಗಿಸಿ ಒರೆಸಿದಿರಿ. ಹದಿಮೂರರಿಂದ ಭಾಗಿಸಿ ಒರೆಸಿದಿರಿ. ಹದಿನೇಳು, ಹತ್ತೊಂಬತ್ತು. ನಿಮಗೆ ಎಷ್ಟು ಹೊತ್ತು ಅನ್ನಿಸಿತೋ ಗೊತ್ತಿಲ್ಲ. ಗೋಡೆ ಗಡಿಯಾರದಲ್ಲಿ ಆರು ನಿಮಿಷವಾಯಿತು. ತರಗತಿಯಲ್ಲಿ ಆರು ನಿಮಿಷದ ಮೌನ ಎಂದರೆ ಬಹಳ. ಬೆಂಚುಗಳು ಕಿರುಗುಟ್ಟಲು ಶುರುವಾದವು. ನನಗೇ ತಡೆಯಲಾಗಲಿಲ್ಲ. ಸಹಾಯ ಮಾಡೋಣ ಎಂದು ಕುರ್ಚಿಯಿಂದ ಅರ್ಧ ಎದ್ದೆ. ಮುಂದಿನ ಬೆಂಚಿನ ಒಬ್ಬ ಜಾಣನಿಗೆ ಉತ್ತರ ಹೊಳೆದಿತ್ತು, ಅವನು ಕೈಯೆತ್ತಿ ಬಾಯಿ ತೆರೆದ.

ನಿಮ್ಮ ಅಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಹಿಂದೆಯೇ ಕೂತಿದ್ದರು. ಮುಂದಕ್ಕೆ ಬಾಗಿ ಅವನ ತೋಳು ಹಿಡಿದು ಕೆಳಗಿಳಿಸಿದರು. ನನ್ನ ಕಡೆಯೂ ನೋಡಿ, ಕೂತುಕೊಳ್ಳಿ ಎಂಬಂತೆ ಕೈ ಮಾಡಿದರು.

ಆಮೇಲೆ ನೀವು "ಅಯ್ಯೋ!" ಎಂದು ಹಣೆ ಚಚ್ಚಿಕೊಂಡು ತಿರುಗಿದಿರಿ. "ಮೂವತ್ತೇಳು ಚೀಲದ ಗಾಡಿ ಇಪ್ಪತ್ತೇಳು. ಅದನ್ನೇ ಉಲ್ಟಾ ಮಾಡಿ. ಇಪ್ಪತ್ತೇಳು ಚೀಲದ ಗಾಡಿ ಮೂವತ್ತೇಳು! 135 ತಗೊಳ್ಳಿ, 351, 513, ಎಲ್ಲಾ ಇಪ್ಪತ್ತೇಳಕ್ಕೆ ಬರತ್ತೆ" ಎಂದಿರಿ. ಮಕ್ಕಳೆಲ್ಲ ಮೇಜು ಬಡಿದರು. ಅದನ್ನು ನೀವು ನೋಡಿದ್ದೀರಿ, ನಾನು ಬರೆಯಬೇಕಾಗಿಲ್ಲ.

ನೀವು ನೋಡದೆ ಇದ್ದದ್ದು ಅದಕ್ಕೆ ಮೊದಲಿನದು. ಆ ಹುಡುಗನ ತೋಳು ಹಿಡಿದಾಗ ನಿಮ್ಮ ಅಣ್ಣ ಒಂದು ಮಾತು ಹೇಳಿದರು. ಮೆಲ್ಲಗೆ ಹೇಳಿದರು, ನೀವು ಬೋರ್ಡಿನ ಕಡೆ ಮುಖ ಮಾಡಿದ್ದಿರಿ, ಚಾಕ್ ಸದ್ದಿನಲ್ಲಿ ನಿಮಗೆ ಕೇಳಿಸಿರಲಾರದು. ಬಸ್ಸಿನಲ್ಲಿ ಅವರೂ ಹೇಳಿರಲಾರರು. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

"ಸುಮ್ನಿರಪ್ಪಾ, ಹೇಳಿಕೊಡ್ಬೇಡ. ಅವಳು ಮಾಡ್ತಾಳೆ. ಅವಳಿಗೆ ಒಂದಿಷ್ಟು ಹೊತ್ತು ಬೇಕು ಅಷ್ಟೆ. ನಾವ್ಯಾರೂ ಕೊಟ್ಟಿರ್ಲಿಲ್ಲ."

ನಿಮ್ಮ
ಮೇಷ್ಟ್ರು